ಅಕ್ಕನ ಕಪ್, ಆಯಿಯ ಒಲೆ

ಮಿಮಿಕ್ರಿ ಮಾಡುವವನಿಗೆ ಬೇಕಾದ ಬಂಡವಾಳ ಒಂದೇ, ಎದುರಿಗಿದ್ದವರ ದನಿ. ಅದು ಸಿಕ್ಕಿತೆಂದರೆ ನಾನು ಯಾರನ್ನೂ ಬಿಟ್ಟವನಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೂಗಿನಿಂದಲೇ ಅಂಕೋಲೆಯ ಬಸ್ಸನ್ನು ಕರೆಯುವವರು, ಚೌಕಾಸಿ ಶುರುವಾದ ಕೂಡಲೇ ನಮ್ಮನ್ನು ಬಿಟ್ಟು ಬುಟ್ಟಿಯ ಬಂಗಡೆಯ ಜೊತೆ ಮಾತಾಡತೊಡಗುವ ಮೀನು ಮಾರುವ ಹೆಂಗಸು, ಫೋನಿನಲ್ಲಿ ಕೊಂಕಣಿಯಲ್ಲಿ ಶುರುಮಾಡಿ ಮರಾಠಿಯಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗುವ ನನ್ನ ಅಂಗಡಿಯ ಯಜಮಾನರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಬಾಡಿಗೆದಾರರು ಹೆಚ್ಚಾಗಿ ಮಾಲೀಕನಿಗೇ ಜಾಗವಿಲ್ಲದ ಸ್ಥಿತಿ. ನಾನು ಸ್ವಂತ ದನಿಯಲ್ಲಿ ಮಾತಾಡಿದ ದಿನ ಮನೆಯವರು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಇಂಥ ನನ್ನನ್ನೂ ಸೋಲಿಸುವ ಒಂದು ಸಾಮಾನು ನಾನು ಕೆಲಸ ಮಾಡುವ ಕಾರವಾರದ ಮೆಡಿಕಲ್ ಶಾಪಿನಲ್ಲಿದೆ. ಅದನ್ನು ಯಾರೂ ದನಿಯಲ್ಲಿ ಕೇಳುವುದಿಲ್ಲ. ಬಂದ ಹೆಂಗಸರು ಮೊದಲು ಕೆಮ್ಮಿನ ಮಿಠಾಯಿ ಕೇಳುತ್ತಾರೆ, ಆಮೇಲೆ ಇಲ್ಲದ ಕೆಮ್ಮನ್ನು ಕೆಮ್ಮುತ್ತಾರೆ, ಅಂಗಡಿಯಲ್ಲಿ ಬೇರೆ ಗಂಡಸರು ಇದ್ದರೆ ಗೋಡೆಯ ಕ್ಯಾಲೆಂಡರನ್ನು ಓದುತ್ತ ನಿಲ್ಲುತ್ತಾರೆ, ಕೊನೆಗೆ ಹುಬ್ಬನ್ನು ಮೇಲಿನ ಕಪಾಟಿನ ಕಡೆ ಎತ್ತುತ್ತಾರೆ. ಹುಬ್ಬು ಎಷ್ಟು ಎತ್ತರ ಹೋಯಿತು ಎನ್ನುವುದರ ಮೇಲೆ ದೊಡ್ಡ ಪ್ಯಾಡೋ ಸಣ್ಣದೋ ಎಂದು ನಾನು ತಿಳಿದುಕೊಳ್ಳಬೇಕು. ನಾನೂ ಹುಬ್ಬಿನಲ್ಲೇ ಉತ್ತರ ಕೊಟ್ಟು, ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲಕ್ಕೆ ಹಾಕಿ, ಕಳ್ಳಸಾಗಣೆಯ ಮಾಲಿನಂತೆ ದಾಟಿಸುತ್ತೇನೆ. ಊರಿಗೆಲ್ಲ ಗೊತ್ತು, ಕಪ್ಪು ಚೀಲವೆಂದರೆ ಏನು ಎಂದು. ಬಿಳಿ ಚೀಲದಲ್ಲಿ ಕೊಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವೇನೋ. ಆದರೂ ಸುತ್ತುವ ಕಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಒಳಗಿನ ವಸ್ತುವಿನ ಬಗ್ಗೆ ನನಗೆ ಗೊತ್ತಿದ್ದದ್ದು ಸುತ್ತಳತೆ ಮಾತ್ರ.

ಈ ಮೌನದ ವ್ಯಾಪಾರಕ್ಕೆ ಕಲ್ಲು ಹಾಕಿದವಳು ನನ್ನ ಅಕ್ಕ ನಾಗವೇಣಿ. ಅವಳು ಸರ್ಕಾರಿ ಬಸ್ಸಿನ ಕಂಡಕ್ಟರ್. ಒಂದು ದಿನ ಮಧ್ಯಾಹ್ನ ಅಂಗಡಿಯಲ್ಲಿ ಬಿಣಗಾದ ಇಬ್ಬರು ಗಂಡಸರು ಬಿ.ಪಿ. ಮಾತ್ರೆಗೆ ಕಾಯುತ್ತಿದ್ದಾಗ, ಖಾಕಿ ಅಂಗಿಯಲ್ಲೇ ಬಂದು ಕೌಂಟರಿನ ಮೇಲೆ ಎರಡೂ ಕೈ ಊರಿ ಹೇಳಿದಳು, "ತಮಾ, ಪ್ಯಾಡ್ ಸಾಕಾಯ್ತು ನಂಗೆ. ಒಳಗೆ ಇಟ್ಕೊಳ್ಳೂದು ಎಂತೆಂತ ಅದೆ, ಎಲ್ಲ ತೆಗೆದು ತೋರ್ಸು."

ಬಿ.ಪಿ. ಇಲ್ಲದ ನನ್ನ ಯಜಮಾನರಿಗೂ ಆಗ ಬಿ.ಪಿ. ಬಂತು. "ನಾಗವೇಣಿ ಬಾಯಿ, ಸ್ವಲ್ಪ ಸಣ್ಣಕೆ ಹೇಳಿ" ಎಂದರು.

"ಸಣ್ಣಕೆ ಹೇಳೂಕೆ ನಂಗೆ ಬರೂದಿಲ್ಲ ಮಾಮಾ. ಹಿಂದಿನ ಸೀಟಿನವರಿಗೆ ಕೇಳ್ಬೇಕು ಹೇಳಿ ಕೂಗಿ ಕೂಗಿ ಗಂಟಲು ಹಿಂಗೇ ಆಗೋಗದೆ."

ಬಿಣಗಾದ ಗಂಡಸರು ಕ್ಯಾಲೆಂಡರ್ ಓದತೊಡಗಿದರು. ಅಂಗಡಿಯ ಇತಿಹಾಸದಲ್ಲಿ ಗಂಡಸರು ಅದನ್ನು ಓದಿದ್ದು ಅದೇ ಮೊದಲು.

ಅಕ್ಕನ ಈ ಗದ್ದಲಕ್ಕೆ ಕಾರಣವಿತ್ತು. ವರ್ಷಗಟ್ಟಲೆ ಊರೊಳಗಿನ ಸಣ್ಣ ರೂಟುಗಳಲ್ಲಿ ಸುತ್ತಿ, ಅರ್ಜಿ ಕೊಟ್ಟು, ಕಾದು, ಅವಳು ಹುಬ್ಬಳ್ಳಿಯ ರೂಟನ್ನು ದಕ್ಕಿಸಿಕೊಂಡಿದ್ದಳು. ಅಂಕೋಲೆ ದಾಟಿ ಘಟ್ಟ ಹತ್ತುವಾಗ ಬಾಗಿಲಲ್ಲಿ ನಿಂತರೆ ಬೀಸುವ ಗಾಳಿಯ ಬಗ್ಗೆ, ಬೇರೆಯವರು ಅತ್ತೆಮನೆಯ ಬಗ್ಗೆ ಹೇಳುವಷ್ಟು ಹೇಳುತ್ತಿದ್ದಳು. ಆದರೆ ತಿಂಗಳ ಆ ದಿನಗಳಲ್ಲಿ ದಿನವಿಡೀ ನಿಂತು ಟಿಕೆಟ್ ಹರಿದರೆ ಪ್ಯಾಡ್ ಉಜ್ಜಿ ತೊಡೆಯೆಲ್ಲ ಕೆಂಪಾಗುತ್ತಿತ್ತು. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಶೌಚಾಲಯದ ಸಾಲಿನಲ್ಲಿ ಇವಳ ಪಾಳಿ ಬರುವ ಮೊದಲೇ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಹೀಗಾಗಿ ಪ್ರತಿ ತಿಂಗಳು ಬೇರೆಯವರ ಜೊತೆ ಡ್ಯೂಟಿ ಅದಲುಬದಲು. ಎಷ್ಟು ದಿನ ಅಂತ ನಡೆದೀತು? ಇನ್ನೊಂದು ಸಲ ಬದಲಿ ಕೇಳಿದರೆ ರೂಟನ್ನೇ ಬಿಟ್ಟುಕೊಡಬೇಕಾಗುತ್ತದೆ ಎಂಬಲ್ಲಿಗೆ ವಿಷಯ ಬಂದು ನಿಂತಿತ್ತು. ರೂಟು ಬಿಡುವುದೆಂದರೆ ಅಕ್ಕನಿಗೆ ಒಂದು ಕೈಯನ್ನೇ ಬಿಟ್ಟುಕೊಟ್ಟಂತೆ. ಟಿಕೆಟ್ ಕೊಡುವ ಕೈ.

ನಾನು ಟ್ಯಾಂಪೂನಿನ, ಅಂದರೆ ಒಳಗಿಡುವ ಹತ್ತಿಯ ಸುರುಳಿಯ, ಡಬ್ಬಿ ತೆಗೆದಿಟ್ಟೆ. "ಎಷ್ಟು ಹೊತ್ತು ಇಡಬಹುದು?" ಎಂದು ಕೇಳಿದಳು. ನಾನು ಯಜಮಾನರನ್ನು ನೋಡಿದೆ. ಯಜಮಾನರು ಫ್ಯಾನನ್ನು ನೋಡಿದರು. ಕೊನೆಗೆ ಡಬ್ಬಿಯ ಬೆನ್ನಿನ ಮೇಲಿದ್ದ ಇರುವೆಯಷ್ಟು ಅಕ್ಷರಗಳನ್ನು ಅವಳೇ ಓದಿದಳು. ನಾಲ್ಕರಿಂದ ಎಂಟು ತಾಸಿನ ಒಳಗೆ ಬದಲಿಸಬೇಕು. "ಘಟ್ಟದ ಮೇಲೆ ಬಸ್ಸು ಕೆಟ್ಟು ನಿಂತ್ರೆ ಎಂತ ಮಾಡೂದು? ಆ ಇನ್ನೊಂದು ಅದೆಯಲ್ಲ, ಕಪ್, ಅದು ತೋರ್ಸು." ಒಳಗೇ ಕೂತು ಸ್ರಾವ ತುಂಬಿಕೊಳ್ಳುವ ಆ ಮೆತ್ತನೆಯ ಸಿಲಿಕೋನ್ ಬಟ್ಟಲು ನಮ್ಮಲ್ಲಿರಲಿಲ್ಲ. ತರಿಸಬೇಕಿತ್ತು. ತರಿಸಲು ಅಳತೆ ಬೇಕಿತ್ತು. ಅಕ್ಕನ ಹತ್ತಿರ ಅಳತೆ ಕೇಳುವುದು ಹೇಗೆ? ಚಪ್ಪಲಿಯಾಗಿದ್ದರೆ ಕೇಳಬಹುದಿತ್ತು. ನಾನು ಹುಬ್ಬು ಎತ್ತಿ ಪ್ರಯತ್ನಿಸಿದೆ. "ಮುಖಕ್ಕೆ ಎಂತ ಆಗದ್ಯೋ ನಿಂಗೆ?" ಎಂದಳು.

ಅಳತೆ ತಿಳಿಯಲು ಅಂಕೋಲೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಕಾರವಾರದಲ್ಲಿ ಗುರುತಿನವರು ಸಿಗುತ್ತಾರೆ, ಅಂಕೋಲೆಯಾದರೆ ಗುಟ್ಟಾಗಿರುತ್ತದೆ ಎಂಬುದು ನನ್ನ ಉಪಾಯ. ಅಂಕೋಲೆಯ ಅರ್ಧ ಜನ ದಿನಾ ಅಕ್ಕನ ಕೈಯಿಂದಲೇ ಟಿಕೆಟ್ ತಗೊಳ್ಳುವವರು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಬೆಂಚಿನ ಮೇಲಿದ್ದ ಬೆಳಂಬಾರದ ಹೆಂಗಸೊಬ್ಬಳು ಜಾಗ ಸರಿದು, "ಬನ್ನಿ ಬನ್ನಿ ಕಂಡಕ್ಟರ್ ಬಾಯಿ, ದಿನಾ ನೀವು ಸೀಟ್ ಕೊಡ್ತ್ರಿ, ಇವತ್ತು ನಾ ಕೊಡ್ತೆ. ಎಂತಕ್ಕೆ ಬಂದದ್ದು? ಇವನು ಯಾರು, ಮದುವೆ ಹುಡುಗನಾ?" ಎಂದಳು. ತಮ್ಮ ಎಂದು ತಿಳಿದಾಗ ಅವಳ ಮುಖದ ಮೇಲೆ ಮೂಡಿದ ನಿರಾಸೆಯನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ.

ಡಾಕ್ಟರು ನನ್ನನ್ನೂ ಒಳಗೆ ಕರೆಸಿದರು. "ನೀನು ಮಾರುವವನಲ್ವಾ? ಕೂತು ಕೇಳು" ಎಂದು ಪ್ಲಾಸ್ಟಿಕ್ ಮಾದರಿಯೊಂದನ್ನು ಮೇಜಿನ ಮೇಲಿಟ್ಟರು. ಅವರದು ಅವಸರವಿಲ್ಲದ, ಪ್ರತಿ ಮಾತಿಗೂ ಅಡಿಗೆರೆ ಎಳೆದಂಥ ದನಿ. ಹೆರಿಗೆ ಆಗಿದೆಯೋ ಇಲ್ಲವೋ, ಸ್ರಾವ ಎಷ್ಟು, ಗರ್ಭದ ಬಾಯಿ ಎಷ್ಟು ಮೇಲಿದೆ ಎಂದೆಲ್ಲ ನೋಡಿ ಅಳತೆ ಆರಿಸಬೇಕು, ಅಕ್ಕನಿಗೆ ಸಣ್ಣದು ಸಾಕು ಎಂದರು. ಉಗುರು ಕತ್ತರಿಸಿಕೊಂಡು, ಕೈ ತೊಳೆದು, ಕಪ್ಪನ್ನು ನೀರಲ್ಲಿ ಒದ್ದೆ ಮಾಡಿ ಮಡಚಿ, ನೇರ ಮೇಲಕ್ಕಲ್ಲ, ಬೆನ್ನಿನ ಕಡೆಗೆ ಓರೆಯಾಗಿ. ಸುತ್ತ ಬೆರಳಾಡಿಸಿ ಪೂರ್ತಿ ಅರಳಿದೆಯೇ ನೋಡಬೇಕು. ತೆಗೆಯುವಾಗ ಬಾಲ ಹಿಡಿದು ಎಳೆಯುವಂತಿಲ್ಲ, ಬುಡವನ್ನು ಚಿವುಟಿ ಗಾಳಿಯ ಬಿಗಿ ಬಿಡಿಸಿ ನಿಧಾನ ತೆಗೆಯಬೇಕು. ಹನ್ನೆರಡು ತಾಸಿಗಿಂತ ಹೆಚ್ಚು ಇಡಬಾರದು. ಒಳಗೆ ಕಾಪರ್-ಟಿ ಹಾಕಿಸಿಕೊಂಡವರು ಮೊದಲು ಡಾಕ್ಟರನ್ನು ಕೇಳಬೇಕು. ಟ್ಯಾಂಪೂನಾಗಲಿ ಕಪ್ಪಾಗಲಿ ಒಳಗಿರುವಾಗ ಇದ್ದಕ್ಕಿದ್ದಂತೆ ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಗಂಧೆ ಎದ್ದರೆ, ಅದನ್ನು ತೆಗೆದು ಸೀದಾ ಆಸ್ಪತ್ರೆಗೆ. ಬಲು ಅಪರೂಪ, ಆದರೆ ಅದರಲ್ಲಿ ತಡ ಮಾಡುವ ಹಾಗಿಲ್ಲ.

ಅಷ್ಟು ಹೊತ್ತು ಧೈರ್ಯವಾಗಿದ್ದ ಅಕ್ಕ ಆಗ ಮೊದಲ ಸಲ ಸಣ್ಣ ದನಿಯಲ್ಲಿ ಕೇಳಿದಳು, "ಡಾಕ್ಟ್ರೇ, ಅದು ಮೇಲೆ ಮೇಲೆ ಹೋಗಿ ಹೊಟ್ಟೇಲಿ ಕಳೆದುಹೋದ್ರೆ?"

"ನಾಗವೇಣಿ, ಅದು ಲಾಸ್ಟ್ ಸ್ಟಾಪು. ಅಲ್ಲಿಂದ ಮುಂದೆ ರಸ್ತೆಯೇ ಇಲ್ಲ" ಎಂದರು ಡಾಕ್ಟರು.

ಕಪ್ ಬಂದ ಮೊದಲ ತಿಂಗಳು ರಜೆಯ ದಿನ ನೋಡಿ ಪ್ರಯೋಗ ನಡೆಯಿತು. ಆಯಿ, ಅಂದರೆ ನಮ್ಮಮ್ಮ, ಬೆಳಂಬಾರದ ತವರಿಗೆ ಹೋಗಿದ್ದಳು. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಇಂಥ ವಿಷಯ ಸುಳಿದರೆ ಅಪ್ಪನ ಪೇಪರ್ ತಾನಾಗಿ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಅಕ್ಕ ಬಚ್ಚಲ ಒಳಗೆ, ನಾನು ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ, ಕೈಯಲ್ಲಿ ಕಪ್ಪಿನ ಜೊತೆ ಬಂದ ಸೂಚನೆಯ ಕಾಗದ. ಒಂದು ತಾಸಾದರೂ ಕಪ್ ಒಳಗೆ ಹೋಗಲಿಲ್ಲ. ಮಡಚಿದ್ದು ಹಾರಿ ಬಕೆಟ್ಟಿಗೆ ಬಡಿಯುವ ಸದ್ದು ಮಾತ್ರ ಆಗಾಗ ಕೇಳುತ್ತಿತ್ತು. "ಆಗೂದಿಲ್ಲ ತಮಾ, ಮೈಯೆಲ್ಲ ಬಿಗಿಯಾಗ್ತದೆ. ಅಲ್ಲಿ ಎಂತ ಬರೆದದ್ದು, ಇನ್ನೊಂದ್ಸಲ ಓದು" ಎಂದಳು. ದನಿಯಲ್ಲಿ ಅಳುವಿತ್ತು. ಅಕ್ಕ ಅತ್ತರೆ ನನಗೆ ಕೈಕಾಲು ಆಡುವುದಿಲ್ಲ, ಗಂಟಲು ಮಾತ್ರ ಆಡುತ್ತದೆ. ಬಸ್ ಸ್ಟ್ಯಾಂಡಿನ ಮೂಗಿನ ದನಿಯಲ್ಲಿ ಶುರುಮಾಡಿದೆ. "ಪ್ರಯಾಣಿಕರ ಗಮನಕ್ಕೆ. ಕುಕ್ಕರುಗಾಲಿನಲ್ಲಿ ಕೂತುಕೊಳ್ಳತಕ್ಕದ್ದು. ಉಸಿರನ್ನು ದೀರ್ಘವಾಗಿ ಬಿಡತಕ್ಕದ್ದು. ಅವಸರ ಪಡಬಾರದಾಗಿ ವಿನಂತಿ." ಒಳಗಿನಿಂದ ಒಂದು ಕಿಸಕ್ಕನೆ ನಗು ಬಂತು. ಮೀನು ಮಾರುವವಳ ದನಿಯಲ್ಲಿ ಮಡಚುವ ವಿಧಾನ ಓದಿದಾಗ ನಗು ಜೋರಾಯಿತು. ಆಮೇಲೆ ಬಕೆಟ್ಟಿಗೆ ಏನೂ ಬಡಿಯಲಿಲ್ಲ. ಬಾಗಿಲು ತೆರೆದು ಹೊರಬಂದವಳು ಅಂಗಳದಲ್ಲಿ ಒಂದು ಸುತ್ತು ನಡೆದಳು, ಕೂತಳು, ಎದ್ದಳು, ಬಸ್ಸು ಹತ್ತುವವರಂತೆ ಜಗಲಿಯ ಮೆಟ್ಟಿಲು ಹಾರಿದಳು. "ಎಂತದೂ ಗೊತ್ತೇ ಆಗೂದಿಲ್ಲ ಮಾರಾಯ" ಎಂದಳು. ಅಪ್ಪನ ಪೇಪರ್ ತಲೆಯ ಮೇಲಕ್ಕೇರಿತು. ನನ್ನ ಮಿಮಿಕ್ರಿಗೆ ಈವರೆಗೆ ಸಿಕ್ಕ ಬಹುಮಾನಗಳಲ್ಲಿ ಇದನ್ನು ಗೋಡೆಗೆ ನೇತುಹಾಕಲು ಬರುವುದಿಲ್ಲ ಎಂಬುದೊಂದೇ ಬೇಸರ.

ಇಷ್ಟಾದರೂ ಒಂದು ದೊಡ್ಡ ತೊಡಕು ಉಳಿದಿತ್ತು. ಪ್ರತಿ ತಿಂಗಳು ಬಳಸುವ ಮುಂಚೆ ಮತ್ತು ಮುಗಿದ ಮೇಲೆ ಕಪ್ಪನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಕುದಿಸಬೇಕು. ಕುದಿಸಲು ಒಲೆ ಬೇಕು. ಒಲೆ ಅಡಿಗೆಮನೆಯಲ್ಲಿದೆ. ನಮ್ಮ ಮನೆಯಲ್ಲಿ ಹೊರಗೆ ಕೂತವರು ಮೂರು ದಿನ ಅಡಿಗೆಮನೆಯ ಹೊಸ್ತಿಲು ದಾಟುವಂತಿಲ್ಲ. ನಾಲ್ಕನೇ ದಿನ ತಲೆಗೆ ಮಿಂದು ಒಳಗೆ. ಕಪ್ಪನ್ನು ಮಾಡಿದ ಕಂಪನಿಯವರಿಗೆ ನಮ್ಮ ಕೇರಿ ಹಬ್ಬುವಾಡದಲ್ಲಿ ಆಯಿ ಎಂಬುವವಳೊಬ್ಬಳು ಇದ್ದಾಳೆ ಎಂದು ಗೊತ್ತಿಲ್ಲವಾದ್ದರಿಂದ ಸೂಚನೆಯ ಕಾಗದದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ಮೊದಲೇ ಕುದಿಸಿಡೋಣವೆಂದರೆ ಅಕ್ಕನ ತಿಂಗಳು ಅವಳ ಬಸ್ಸಿನಂತಲ್ಲ, ಹೇಳಿದ ವೇಳೆಗೆ ಬರುವುದಿಲ್ಲ. ಹಾಗಾಗಿ ಕುದಿಸುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆಂದೇ ಒಂದು ಪುಟ್ಟ ಸ್ಟೀಲ್ ಪಾತ್ರೆ ತಂದು, ಮೊದಲ ತಿಂಗಳು ಕುದಿಸಿ, ಸಿಲಿಂಡರಿನ ಹಿಂದೆ ಅಡಗಿಸಿಟ್ಟೆ.

ಎರಡನೇ ತಿಂಗಳು ಅಕ್ಕನಿಗೆ ಹೊರಗಾದದ್ದು ಒಂದು ಸೋಮವಾರ ಸಂಜೆ. ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಡ್ಯೂಟಿ. ಬದಲಿ ಕೇಳುವ ಹಾಗಿಲ್ಲ. ಅಕ್ಕ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತು ಕಣ್ಣಿನಲ್ಲೇ ನನಗೆ ಒಲೆ ತೋರಿಸಿದಳು. ಪಾತ್ರೆ ಇಟ್ಟು ಗ್ಯಾಸು ಹಚ್ಚಿದೆ. ಆಯಿ ಒಳಗೆ ಬಂದು, "ಎಂತದೋ ಕುದಿಯೂದು?" ಎಂದಳು.

"ಮೊಟ್ಟೆ" ಎಂದೆ.

"ಸೋಮವಾರ ಮೊಟ್ಟೆಯ?"

"ನಾಳೆಗೆ, ಆಯಿ. ಮಂಗಳವಾರದ ಮೊಟ್ಟೆ."

ಆಯಿ ಏನೋ ಗೊಣಗುತ್ತ ದೇವರಿಗೆ ದೀಪ ಹಚ್ಚಲು ಹೋದಳು. ಐದು ನಿಮಿಷ ಸುಮ್ಮನೆ ನಿಂತಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ಆದರೆ ಹಿತ್ತಲ ಕಂಪೌಂಡಿನಾಚೆಯಿಂದ ಪಕ್ಕದ ಮನೆಯ ಮಾಮಿಯೂ ಅವರ ಇಬ್ಬರು ಸೊಸೆಯರೂ, "ತಮಾ, ನಿನ್ನ ಆಯಿಯದ್ದು ಮಾಡು ನೋಡ್ವಾ" ಎಂದರು. ನನ್ನನ್ನು ಹಾಗೆ ಕರೆದರೆ ನಾನು ಹೆಣದ ಮನೆಯಿಂದಲೂ ಎದ್ದುಬರುವವನು. ಹಿತ್ತಲಿಗಿಳಿದು ಗೋಡೆಗೆ ಮೊಣಕೈ ಊರಿ, ಸೊಂಟಕ್ಕೆ ಕೈಯಿಟ್ಟು, ಆಯಿಯ ದನಿಯಲ್ಲಿ ಶುರುಮಾಡಿದೆ, "ಗ್ಯಾಸಿನ ಮೇಲೆ ಇಟ್ಟದ್ದು ನೆನಪದ್ಯೋ ಇಲ್ವೋ? ಸುಟ್ಟು ಕರಕಲಾದ ಮೇಲೆ ಬರೂದಾ? ತಲೇಲಿ ಎಂತ ತುಂಬ್ಕಂಡಿದ್ಯೋ?" ಮಾಮಿ ನಕ್ಕು ನಕ್ಕು ಒಣಗಿದ ಬಟ್ಟೆಗಳ ಮೇಲೆ ಬಿದ್ದರು. ನಾನು ಇನ್ನಷ್ಟು ಬೆಳೆಸಿದೆ. ಬೆಳೆಸುತ್ತ ಹೋದೆ. ಆಗ ನನ್ನ ಬೆನ್ನ ಹಿಂದಿನಿಂದ ಅದೇ ಮಾತು ಬಂತು, "ಗ್ಯಾಸಿನ ಮೇಲೆ ಇಟ್ಟದ್ದು ನೆನಪದ್ಯೋ ಇಲ್ವೋ?"

ಕತ್ತಲಾಗುತ್ತಿದ್ದದ್ದರಿಂದ ಮಾಮಿಗೆ ಆಯಿ ಕಾಣಲಿಲ್ಲ. "ಈ ಸಲ ಅಷ್ಟು ಸರಿ ಬರಲಿಲ್ಲ ತಮಾ" ಎಂದರು.

ಒಳಗೆ ಓಡಿದರೆ ಮನೆ ತುಂಬ ಸುಟ್ಟ ನಾತ. ಅಪ್ಪ ವೈರು ಸುಟ್ಟಿತೆಂದುಕೊಂಡು ಕರೆಂಟಿನ ಮೇನ್ ಆಫ್ ಮಾಡಿ ಟಾರ್ಚು ಹಿಡಿದು ನಿಂತಿದ್ದರು. ನೀರೆಲ್ಲ ಆರಿ, ಕಪ್ಪಿನ ಬುಡ ಪಾತ್ರೆಗೆ ಅಂಟಿ ಕರಕಲಾಗಿತ್ತು. ಆಯಿ ಇಕ್ಕಳದಿಂದ ಪಾತ್ರೆ ಎತ್ತಿ ಟಾರ್ಚಿನ ಬೆಳಕಿಗೆ ಹಿಡಿದಳು. "ಮಂಗಳವಾರದ ಮೊಟ್ಟೆ ಇದಾ?" ಎಂದಳು. ಆಮೇಲೆ ಪಾತ್ರೆಯನ್ನು ತಿರುಗಿಸಿ ನೋಡಿದಳು. "ಅಲ್ವೋ, ಇದು ನಿನ್ನ ಅಪ್ಪನ ಹಾಲಿನ ಪಾತ್ರೆ."

ಹೊಸ ಪಾತ್ರೆ ಸುಮ್ಮನೆ ಸಿಲಿಂಡರಿನ ಹಿಂದೆ ಯಾಕಿರಬೇಕೆಂದು ಆಯಿ ತಿಂಗಳಿನಿಂದ ಅದರಲ್ಲೇ ಅಪ್ಪನ ಚಾಕ್ಕೆ ಹಾಲು ಕಾಯಿಸುತ್ತಿದ್ದಳೆಂದು ಆಗಲೇ ತಿಳಿದದ್ದು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅಕ್ಕ ಹೊಸ್ತಿಲ ಆಚೆ ನಿಂತು ಎಲ್ಲವನ್ನೂ ಹೇಳಿದಳು, ಕಪ್, ಡಾಕ್ಟರು, ರೂಟು, ಪಾತ್ರೆ. ಅಪ್ಪ ಟಾರ್ಚು ಆರಿಸಿ ಕತ್ತಲಲ್ಲೇ, "ನಂಗೆ ಇನ್ಮೇಲೆ ಕರಿ ಚಾ ಸಾಕು" ಎಂದು ಜಗಲಿಗೆ ಹೋದರು.

ಆಯಿಯ ಸಿಟ್ಟು ಪಾತ್ರೆಯಿಂದ ಬೇರೆ ಕಡೆ ಹೊರಳಿತು. "ಮದುವೆ ಆಗ್ದೇ ಇದ್ದ ಹುಡುಗೀರು ಇಂಥದ್ದೆಲ್ಲ ಒಳಗೆ ಹಾಕ್ಕಂತಾರ್ಯೇ? ನಾಳೆ ನೋಡೂಕೆ ಬಂದವರಿಗೆ ಎಂತ ಹೇಳೂದು?" ಅಕ್ಕ ತಲೆ ತಗ್ಗಿಸಿದಳು. ನೋಡಲಾಗದೆ ನಾನು ಬಾಯಿ ತೆರೆದೆ. ಬಂದದ್ದು ಡಾಕ್ಟರ ದನಿ. "ನೋಡಿ ಅಮ್ಮ, ಆ ಕನ್ಯಾಪೊರೆ ಸೈಕಲ್ ಹೊಡೆದರೂ ಹಿಗ್ಗುತ್ತದೆ, ಓಡಿದರೂ ಹಿಗ್ಗುತ್ತದೆ. ಅದು ಯಾರ ನಡತೆಯ ಸರ್ಟಿಫಿಕೇಟೂ ಅಲ್ಲ. ಮಗಳು ಗಾಯ ಮಾಡಿಕೊಂಡು ಬಸ್ಸಿನಲ್ಲಿ ನಿಲ್ಲುವುದು ಬೇಕೋ, ಆರಾಮಾಗಿ ನಿಲ್ಲುವುದು ಬೇಕೋ?" ಆಯಿ ತನಗರಿವಿಲ್ಲದೆ ಸೆರಗು ಸರಿಮಾಡಿಕೊಂಡು, "ಆರಾಮಾಗಿ ನಿಲ್ಲೂದೇ ಬೇಕು ಡಾಕ್ಟ್ರೇ" ಎಂದಳು. ಅಂದಮೇಲೆ ದೇವರ ದೀಪದ ಬೆಳಕಿನಲ್ಲಿ ನನ್ನ ಮುಖ ಕಂಡು ಸೌಟು ಹುಡುಕಿದಳು.

ಸೌಟು ಸಿಗುವಷ್ಟರಲ್ಲಿ ನಾನು ಅಂಗಡಿ ತಲುಪಿದ್ದೆ. ಯಜಮಾನರು ಒಂದು ಕೇಳಿದ್ದಕ್ಕೆ ಮೂರು ಕಪ್ ತರಿಸಿಟ್ಟಿದ್ದರು, ದೇವರು ದೊಡ್ಡವನು. ಸಣ್ಣ ಅಳತೆಯದ್ದೊಂದನ್ನು ಹಿಡಿದುಕೊಂಡು ಮನೆಗೆ ಬಂದಾಗ ಆಯಿ ಅಡಿಗೆಮನೆಯಲ್ಲಿ ಕೂತು ಪಾತ್ರೆಯ ಕರಿ ತಿಕ್ಕುತ್ತಿದ್ದಳು. ಅಕ್ಕ ಹೊಸ್ತಿಲ ಆಚೆಯೇ ಕೂತಿದ್ದಳು. ಆಯಿ ತಲೆ ಎತ್ತದೆ ಹೇಳುತ್ತಿದ್ದಳು, "ನಮ್ಗೆ ಬಟ್ಟೆ. ಬೆಳಂಬಾರದಲ್ಲಿ ಭತ್ತದ ನೆಟ್ಟಿ ಮಾಡೂಕೆ ಮೊಣಕಾಲು ನೀರಲ್ಲಿ ನಿಂತ್ರೆ ಒದ್ದೆ ಬಟ್ಟೆ ಉಜ್ಜಿ ಉಜ್ಜಿ ತೊಡೆ ಎಲ್ಲ ಹುಣ್ಣು. ಅಡಿಗೆಮನೆಗೆ ಬರಬೇಡ ಅಂತಿದ್ರು. ಗದ್ದೆಗೆ ಬರಬೇಡ ಅಂತ ಯಾರೂ ಹೇಳಲಿಲ್ಲ." ಹೇಳಿ ಮುಗಿಸಿ ಪಾತ್ರೆಯನ್ನು ಇನ್ನೊಮ್ಮೆ ತಿಕ್ಕಿದಳು. ಆ ಮಾತನ್ನು ನಾನು ಈವರೆಗೆ ಯಾರ ಮುಂದೆಯೂ ಆಯಿಯ ದನಿಯಲ್ಲಿ ಮಾಡಿ ತೋರಿಸಿಲ್ಲ.

ಕಪ್ಪನ್ನು ಕುದಿಸಲು ನಾನು ಗ್ಯಾಸಿನ ಕಡೆ ಹೊರಟೆ. ಆಯಿ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದಳು. "ನೀ ಮುಟ್ಬೇಡ. ಈ ಮಂಗನ ಕೈಲಿ ಒಲೆ ಕೊಟ್ರೆ ಮನೇನೇ ಸುಡ್ತದೆ. ನಾಗೂ, ನೀನೇ ಬಾ. ನೀನೇ ಕುದಿಸ್ಕ."

ಅಕ್ಕ ಎದ್ದು ಹೊಸ್ತಿಲ ತನಕ ಬಂದು ನಿಂತಳು. ಒಂದು ಕಾಲು ಎತ್ತಿದ್ದು ಹಾಗೇ ಇತ್ತು. ದೊಡ್ಡವಳಾದಾಗಿನಿಂದ ಈ ದಿನಗಳಲ್ಲಿ ಅವಳು ಆ ಗೆರೆ ದಾಟಿದವಳಲ್ಲ. ಆಗ ಆಯಿ ಸೊಂಟಕ್ಕೆ ಕೈಯಿಟ್ಟು, ಗಂಟಲು ಏರಿಸಿ, ಅಪ್ಪಟ ಅಕ್ಕನ ದನಿಯಲ್ಲಿ ಕೂಗಿದಳು, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ಜಾಗ ಅದೆ."

ಊರಿಗೆಲ್ಲ ನಾನೇ ದೊಡ್ಡ ಕಲಾವಿದನೆಂದು ಮೆರೆಯುತ್ತಿದ್ದವನಿಗೆ, ಕಲೆ ಯಾವ ಮನೆತನದ್ದೆಂದು ಗೊತ್ತಾಯಿತು. ಅಕ್ಕ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು. ನೀರು ಕುದಿಯುವ ಐದು ನಿಮಿಷವೂ ಆಯಿ ಗಡಿಯಾರದ ಕೆಳಗಿಂದ ಅಲುಗಲಿಲ್ಲ.

ಮರುದಿನ ರಾತ್ರಿ ಊಟದ ಹೊತ್ತಿಗೆ ಅಕ್ಕ ಡ್ಯೂಟಿ ಮುಗಿಸಿ ಬಂದಳು. ಹುಬ್ಬಳ್ಳಿಯ ಡಿಪೋದಲ್ಲಿ ನಿಧಾನಕ್ಕೆ ಕೈ ತೊಳೆದು, ಒಮ್ಮೆ ಖಾಲಿ ಮಾಡಿಕೊಂಡಳಂತೆ. ಯಲ್ಲಾಪುರದಲ್ಲಿ ಸಾಲಿನ ಕಡೆ ಓಡದೆ ಕೂತು ಚಾ ಕುಡಿದಳಂತೆ. ಅವಳು ಬಂದು ಕೂರುವ ಮುಂಚೆಯೇ ಆಯಿ, "ಮೊದ್ಲು ಹೋಗಿ ತೆಗೆದು ತೊಳ್ಕ, ಹನ್ನೆರಡು ತಾಸು ಹೇಳಿದ್ದಲ್ವಾ?" ಎಂದಳು. ಅಪ್ಪನ ಪೇಪರ್ ಈ ಸಲ ಎದೆಯ ಮಟ್ಟದಲ್ಲೇ ನಿಂತಿತ್ತು. ರೂಟು ಅಕ್ಕನದಾಗಿಯೇ ಉಳಿಯಿತು. ಈ ತಿಂಗಳೂ ಅವಳು ಬದಲಿ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಹೀಗೊಂದು ಸುಧಾರಣೆಯಾಯಿತು. ಅದರ ಕೀರ್ತಿ ಒಂದು ಪಾತ್ರೆ ಸುಟ್ಟ ನನಗೆ ಸಲ್ಲಬೇಕೆಂದು ಒಂದೆರಡು ಸಲ ಸೂಚಿಸಿ ನೋಡಿದೆ. ಆಯಿ ಅದನ್ನು ಒಪ್ಪಿದ ರೀತಿಯೇ ಬೇರೆ. ಅಕ್ಕ ಈಗ ಎಲ್ಲ ದಿನವೂ ಅಡಿಗೆಮನೆಗೆ ಹೋಗಿಬರುತ್ತಾಳೆ. ಹೊಸ್ತಿಲ ಆಚೆ ಚಾಪೆ ಹಾಕಿ, ತಟ್ಟೆ ದೂರದಿಂದ ನೂಕಿಸಿಕೊಂಡು, ಚಾ ಬೇಕಾದರೆ ಹೊರಗಿನಿಂದಲೇ ಕೂಗಿ ಕೇಳುತ್ತ ಕೂರುವವನು ನಾನು. ಅಕ್ಕನಿಗಾದರೆ ಅದು ಮೂರೇ ದಿನದ್ದಾಗಿತ್ತು. ನನಗೆ ಯಾವ ದಿನ ಮಿಂದರೆ ಒಳಗೆ ಬಿಡುತ್ತೀಯೆಂದು ಆಯಿಯನ್ನು ಕೇಳಿದ್ದೇನೆ. "ಮೈಲಿಗೆಯಾದರೆ ಮಿಂದರೆ ಹೋಗ್ತದೆ, ನಿಂದು ಮೈಲಿಗೆ ಅಲ್ವಲ್ಲ ಮಗಾ, ಮಂಗನ ಬುದ್ಧಿ" ಎಂದಳು.